ಅರ್ಧ ಲಾನ್ ಆದ್ಮೇಲೆ ಕೈ ಕೊಡೋ ರೈಡಿಂಗ್ ಮೋವರ್: ದೋಷ ಹುಡುಕೋದು ಹೇಗೆ

ರೈಡಿಂಗ್ ಮೋವರ್, ಅಂದ್ರೆ ಮೇಲೆ ಕೂತು ಓಡಿಸೋ ಹುಲ್ಲು ಕೊಯ್ಯೋ ಗಾಡಿ, ಸ್ಟಾರ್ಟೇ ಆಗ್ಲಿಲ್ಲ ಅಂದ್ರೆ ಅದು ಸುಲಭದ ಕೇಸು ಮಾರಾಯ್ರೆ. ತಲೆ ತಿನ್ನೋದು ಇನ್ನೊಂದು ಥರದ್ದು. ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗುತ್ತೆ, ಚೆನ್ನಾಗೇ ಓಡುತ್ತೆ, ಮನೆ ಮುಂದಿನ ಹುಲ್ಲು ಮುಗ್ಸಿ ಹಿಂದಿನದರ ಅರ್ಧಕ್ಕೆ ಬರ್ತಿದ್ದ ಹಾಗೆ ನಿಲ್ಲುತ್ತೆ, ಕಾಲು ಗಂಟೆ ಬಿಟ್ಟು ಮತ್ತೆ ಕೀ ತಿರುಗಿಸಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಶುರುವಾಗುತ್ತೆ. ಅಂಗಡಿಗೆ ತಗೊಂಡ್ಹೋದ್ರೆ ಅಲ್ಲಿ ಒಂದು ಸಲಾನೂ ನಿಲ್ಲಲ್ಲ, ಮೆಕ್ಯಾನಿಕ್ ನಮ್ಮ ಮುಖ ನೋಡ್ತಾನೆ.

ನಾನಿರೋದು ನಾರ್ತ್ ಕ್ಯಾರೊಲೈನಾದಲ್ಲಿ, ರ್‍ಯಾಲಿ ನಗರದ ಹತ್ರ. ಒಂದೂಕಾಲು ಎಕರೆ ಜಾಗ, ಮನೆ ಕಟ್ಟಿರೋದು ಬಿಟ್ರೆ ಮಿಕ್ಕಿದ್ದೆಲ್ಲ ಫೆಸ್ಕ್ಯೂ ಹುಲ್ಲು. ಏಪ್ರಿಲ್ ಮೇ ತಿಂಗಳಲ್ಲಿ ಎರಡು ಮಳೆ ಬಿದ್ರೆ ವಾರಕ್ಕೆರಡು ಸಲ ಹೊಡೀಬೇಕು, ಇಲ್ಲಾಂದ್ರೆ ಎಚ್‌ಓಎ ಅನ್ನೋ ಬಡಾವಣೆಯ ಮನೆ ಮಾಲೀಕರ ಸಂಘದಿಂದ ಪ್ರೇಮಪತ್ರ ಬರುತ್ತೆ. ತೀರ್ಥಹಳ್ಳಿಯಲ್ಲಿ ತೋಟದ ಕಳೆಗೆ ಹೆದರಿ ಓಡಿ ಬಂದವನು ಇಲ್ಲಿ ಹುಲ್ಲು ಕೊಯ್ಯೋಕೆ ಗಾಡಿ ಇಟ್ಕೊಂಡಿದೀನಿ, ಇರಲಿ. ಗಾಡಿ ಸೆಕೆಂಡ್ ಹ್ಯಾಂಡು, 19 ಎಚ್‌ಪಿ, ಸಿಂಗಲ್ ಸಿಲಿಂಡರ್, ಓಎಚ್‌ವಿ (ವಾಲ್ವ್ ಮೇಲ್ಭಾಗದಲ್ಲಿರೋ) ಎಂಜಿನ್, ಪೆಟ್ರೋಲು ಗಾಳಿ ಬೆರೆಸೋ ಕಾರ್ಬೊರೇಟರ್ ಇರೋದು. ಇಲ್ಲಿ ಬರೀತಿರೋದೆಲ್ಲ ಈ ಥರದ ಎಂಜಿನ್‌ಗೆ. ಫ್ಯುಯಲ್ ಇಂಜೆಕ್ಷನ್ ಇರೋ ಹೊಸ ಗಾಡಿಗಳ ದಾರಿ ಬೇರೆ.

ಮೊದಲು ನಾನು ಮಾಡಿದ ತಪ್ಪು ಹೇಳ್ತೀನಿ. ಗಾಡಿ ನಿಂತ ಮೊದಲ ವಾರ ಸ್ಪಾರ್ಕ್ ಪ್ಲಗ್ ಬದಲಾಯಿಸ್ದೆ, 4 ಡಾಲರ್. ಎರಡನೇ ವಾರ ಪೆಟ್ರೋಲ್ ಫಿಲ್ಟರ್. ಮೂರನೇ ವಾರ ಆನ್‌ಲೈನಲ್ಲಿ 38 ಡಾಲರಿಗೆ ಒಂದು ಡೂಪ್ಲಿಕೇಟ್ ಕಾರ್ಬೊರೇಟರ್ ತರಿಸಿ ಹಾಕ್ದೆ. ಗಾಡಿ ನಿಲ್ಲೋದು ನಿಲ್ಲಲಿಲ್ಲ, ಜೊತೆಗೆ ಐಡಲಲ್ಲಿ ವೂಂ... ವೂಂ... ಅಂತ ಏರೋದು ಇಳಿಯೋದು ಅನ್ನೋ ಹೊಸ ಕಾಯಿಲೆ ಬೇರೆ ಶುರುವಾಯ್ತು. ಪ್ಲಗ್‌ಗೆ ಕಿಡಿ ಕೊಡೋ ಇಗ್ನಿಷನ್ ಕಾಯಿಲ್ ಆರ್ಡರ್ ಮಾಡೋದ್ರಲ್ಲಿದ್ದೆ, ಅಷ್ಟರಲ್ಲಿ ಪಕ್ಕದ ಮನೆ ಅಜ್ಜ ಬೇಲಿ ಹತ್ರ ಬಂದ್ರು. ಮೂವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: ಸ್ವಿಚ್ ಆರಿಸ್ದಂಗೆ ಟಪ್ ಅಂತ ನಿಲ್ಲುತ್ತೋ, ಇಲ್ಲ ಉಸಿರು ಕಟ್ಟಿ ಕಟ್ಟಿ ನಿಲ್ಲುತ್ತೋ?

ನನಗೆ ಗೊತ್ತಿರಲಿಲ್ಲ. ಮೂರು ವಾರ ಅದರ ಮೇಲೇ ಕೂತಿದ್ದೆ, ಗಮನಿಸೇ ಇರಲಿಲ್ಲ.

ನಿಲ್ಲೋ ರೀತಿ ನೋಡಿ

ಟಪ್ ಅಂತ ನಿಂತ್ರೆ ಬಹುಪಾಲು ಕರೆಂಟಿನ ಕಡೆ ತಪ್ಪು. ಕಾಯಿಲ್, ಕಾಯಿಲ್‌ಗೆ ಹೋಗೋ ಕಿಲ್ ವಯರು (ಕಿಡಿ ನಿಲ್ಲಿಸೋದು), ಸೀಟ್ ಸ್ವಿಚ್ಚು (ಸೀಟಿಂದ ಎದ್ರೆ ಎಂಜಿನ್ ನಿಲ್ಲಿಸೋದು), ಕೀ ಸ್ವಿಚ್ಚು ಇವುಗಳಲ್ಲೊಂದು. ಕೆಮ್ಮಿ, ಮುಗ್ಗರಿಸಿ, ಒಂದ್ಸಲ ಚೇತರಿಸ್ಕೊಂಡ ಹಾಗೆ ಮಾಡಿ ಮತ್ತೆ ಬಿದ್ರೆ ಪೆಟ್ರೋಲ್ ಕಡೆ. ಗಾಳಿ ಕಮ್ಮಿ ಮಾಡೋ ಚೋಕ್ ಎಳೆದಾಗ ಇನ್ನೊಂದರ್ಧ ನಿಮಿಷ ಜೀವ ಹಿಡ್ಕೊಂಡ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ ಇನ್ನೂ ಗಟ್ಟಿ. ಚೋಕ್ ಎಳೆದ ತಕ್ಷಣ ಕಪ್ಪು ಹೊಗೆ ಬಿಟ್ಟು ಇನ್ನೂ ಬೇಗ ಸತ್ರೆ ಪೆಟ್ರೋಲ್ ಜಾಸ್ತಿ ಆಗ್ತಿದೆ ಇಲ್ಲಾ ಗಾಳಿ ಸಾಲ್ತಿಲ್ಲ, ಏರ್ ಫಿಲ್ಟರ್ ತೆಗೆದು ನೋಡಿ, ನಮ್ಮಲ್ಲಿ ವಸಂತದ ಪೈನ್ ಮರದ ಹಳದಿ ಪುಡಿ ಒಂದೇ ತಿಂಗಳಲ್ಲಿ ಫಿಲ್ಟರನ್ನ ಹಿಟ್ಟಿನ ಜರಡಿ ಥರ ಮಾಡಿಟ್ಟಿರುತ್ತೆ.

ಯಾವಾಗ ನಿಲ್ಲುತ್ತೆ ಅನ್ನೋದೂ ಅಷ್ಟೇ ಮುಖ್ಯ. ಒಂದು ಚೀಟಿ ಇಟ್ಕೊಳ್ಳಿ, ನಾಲ್ಕು ಸಲದ್ದು ಬರ್ಕೊಳ್ಳಿ. ಎಷ್ಟು ನಿಮಿಷ ಓಡ್ತು, ಟ್ಯಾಂಕಲ್ಲಿ ಎಷ್ಟಿತ್ತು, ಬ್ಲೇಡ್ ಓಡ್ತಿತ್ತಾ, ಇಳಿಜಾರಾ, ಗುಂಡಿ ಹಾರಿದಾಗಾ, ಎಷ್ಟು ಹೊತ್ತಿನ ಮೇಲೆ ಮತ್ತೆ ಹತ್ತಿತು. ಗುಂಡಿ ಹಾರಿದಾಗ್ಲೇ ನಿಂತ್ರೆ ಸೀಟ್ ಸ್ವಿಚ್ ಅಥವಾ ಲೂಸ್ ವಯರ್. ಇಳಿಜಾರಲ್ಲಿ ಮಾತ್ರ, ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇದ್ದಾಗ ಮಾತ್ರ ನಿಂತ್ರೆ ಪೆಟ್ರೋಲ್ ಪಂಪ್ ಅಥವಾ ಕಟ್ಟಿಕೊಂಡಿರೋ ಪೈಪ್. ಪ್ರತಿ ಸಲ 20-30 ನಿಮಿಷಕ್ಕೆ ನಿಂತು, ಆರಿದ ಮೇಲೆ ಹತ್ತಿದ್ರೆ ಬಿಸಿಗೆ ಸಂಬಂಧಪಟ್ಟಿದ್ದು ಇಲ್ಲಾ ಟ್ಯಾಂಕ್ ಮುಚ್ಚಳ. ನನ್ನ ಚೀಟಿಯಲ್ಲಿ ಬಂದಿದ್ದು: 24, 27, 22, 25 ನಿಮಿಷ. ಟ್ಯಾಂಕ್ ತುಂಬಿದ್ರೂ ಅಷ್ಟೇ, ಖಾಲಿ ಇದ್ರೂ ಅಷ್ಟೇ. ನಿಲ್ಲೋದು ಟಪ್ ಅಂತಲೂ ಅಲ್ಲ, ಪೂರ್ತಿ ಕೆಮ್ಮಿಕೊಂಡೂ ಅಲ್ಲ. ಒಂದೆರಡು ಸೆಕೆಂಡ್ ಕುಸಿದು, ಸೈಲೆನ್ಸರಲ್ಲಿ ಒಂದ್ಸಲ ಢಬ್ ಅಂದು ಆಫ್. ಈ ನಡುವಿನ ಲಕ್ಷಣವೇ ಮುಖ್ಯದ್ದಾಗಿತ್ತು ಅಂತ ಆಮೇಲೆ ಗೊತ್ತಾಗಿದ್ದು.

ಕೈ ಹಾಕೋ ಮುಂಚೆ

ಪಾರ್ಕಿಂಗ್ ಬ್ರೇಕ್ ಹಾಕಿ, ಬ್ಲೇಡ್ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕ್ಕೊಳ್ಳಿ, ಬ್ಲೇಡ್ ಹತ್ರ ಕೈ ಹೋಗೋ ಕೆಲಸ ಇದ್ರೆ ಪ್ಲಗ್ ವಯರನ್ನೂ ಎಳೆದು ದೂರ ಕಟ್ಟಿ. ಪೆಟ್ರೋಲ್ ಕೆಲಸ ಗರಾಜ್ ಒಳಗೆ ಬೇಡ. ಇಲ್ಲಿ ಎಷ್ಟೋ ಮನೆಗಳಲ್ಲಿ ಗ್ಯಾಸ್ ವಾಟರ್ ಹೀಟರ್ ಗರಾಜಲ್ಲೇ ಇರುತ್ತೆ, ಅದರೊಳಗೆ ಸಣ್ಣ ದೀಪ ಯಾವಾಗಲೂ ಉರೀತಿರುತ್ತೆ, ಪೆಟ್ರೋಲ್ ಆವಿ ನೆಲದ ಮೇಲೇ ಹರಿದು ಅಲ್ಲಿಗೆ ಹೋಗುತ್ತೆ. ಹೊರಗೆ ಮಾಡಿ. ಸೈಲೆನ್ಸರ್ ಬಿಸಿ ಇರುವಾಗ ಪೆಟ್ರೋಲ್ ಪೈಪ್ ಬಿಚ್ಚಬೇಡಿ.

ಇನ್ನೊಂದು, ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಲೆವೆಲ್ ಮೇಲಕ್ಕೇರಿ ಪೆಟ್ರೋಲ್ ವಾಸನೆ ಬರ್ತಿದ್ರೆ ಕಾರ್ಬೊರೇಟರ್ ತುಂಬಿದಾಗ ಪೆಟ್ರೋಲ್ ತಡೆಯೋ ಫ್ಲೋಟ್ ನೀಡಲ್ ಮುಚ್ಚದೆ ರಾತ್ರಿಯೆಲ್ಲ ಪೆಟ್ರೋಲ್ ಕೆಳಗೆ ಇಳಿದಿದೆ ಅಂತ ಅರ್ಥ, ಪೆಟ್ರೋಲ್ ಪಂಪ್ ಒಳಗಿನ ರಬ್ಬರ್ ಪರದೆ, ಡಯಾಫ್ರಮ್, ಹರಿದ್ರೂ ಹೀಗೇ ಆಗುತ್ತೆ. ಆಗ ಸ್ಟಾರ್ಟ್ ಮಾಡ್ಲೇಬೇಡಿ. ನೀಡಲ್ ಸರಿ ಮಾಡಿ, ಆಯಿಲ್ ಬದಲಾಯಿಸಿ, ಆಮೇಲೆ ಮಿಕ್ಕಿದ್ದು.

ಪೆಟ್ರೋಲ್ ಕಡೆ

ಹತ್ತರಲ್ಲಿ ಏಳು ಸಲ ತಪ್ಪು ಇಲ್ಲೇ ಇರುತ್ತೆ ಅಂತ ಅಜ್ಜ ಹೇಳ್ತಾರೆ, ಲೆಕ್ಕ ಅವರದ್ದು. ಅಮೆರಿಕದ ಬಂಕಲ್ಲಿ ಸಿಗೋದು ಸಾಮಾನ್ಯವಾಗಿ ಇ10, ಅಂದ್ರೆ ನೂರಕ್ಕೆ 10 ಭಾಗ ಎಥನಾಲ್. ಎಥನಾಲ್ ಗಾಳಿಯಿಂದ ನೀರು ಹೀರ್ಕೊಳ್ಳುತ್ತೆ, ಜಾಸ್ತಿ ಆದಾಗ ನೀರು-ಎಥನಾಲ್ ಎರಡೂ ಸೇರಿ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ, ಕಾರ್ಬೊರೇಟರ್ ಕುಡಿಯೋದು ತಳದಿಂದಲೇ. ಚಳಿಗಾಲದಲ್ಲಿ ನಾಲ್ಕು ತಿಂಗಳು ಶೆಡ್ಡಲ್ಲಿ ನಿಂತಿದ್ದ ಗಾಡಿ ಮಾರ್ಚಲ್ಲಿ ಯಾಕೆ ಮುಗ್ಗರಿಸುತ್ತೆ ಅಂತ ಇದರಲ್ಲೇ ಗೊತ್ತಾಗುತ್ತೆ. ಬಂಕಲ್ಲಿ 'ಅನ್‌ಲೆಡೆಡ್ 88' ಅಂತ ಸ್ವಲ್ಪ ಅಗ್ಗಕ್ಕೆ ಸಿಗೋದು ಇ15, ಅದನ್ನ ಮೋವರ್‌ಗೆ ಹಾಕೋ ಹಾಗೇ ಇಲ್ಲ, ಕಾನೂನೇ ಬೇಡ ಅನ್ನುತ್ತೆ, ಪಂಪ್ ಮೇಲಿನ ಚೀಟಿಯಲ್ಲಿ ಬರೆದೂ ಇರುತ್ತೆ, ಯಾರು ಓದ್ತಾರೆ. ಇದನ್ನ ಫೋನಲ್ಲಿ ಹೇಳ್ತಿದ್ರೆ ಊರಲ್ಲಿರೋ ಅಣ್ಣ ನಕ್ಕ, ಅಲ್ಲೀಗ ಇ20 ಬಂದಿದೆಯಲ್ಲ, ಮಳೆಗಾಲ ಪೂರ್ತಿ ಮೂಲೆಯಲ್ಲಿಟ್ಟ ಕಳೆ ಕೊಚ್ಚೋ ಮೆಷಿನ್ನು ಅವನಿಗೂ ಇದೇ ಆಟ ಆಡಿಸ್ತಿದೆಯಂತೆ.

ಪರೀಕ್ಷೆ ಸುಲಭ. ಕಾರ್ಬೊರೇಟರ್ ತಳದ ಬೌಲಿಂದ ಒಂದಿಷ್ಟು ಪೆಟ್ರೋಲನ್ನ ಉಪ್ಪಿನಕಾಯಿ ಬಾಟ್ಲಿಯಂಥ ಗಾಜಿನ ಬಾಟ್ಲಿಗೆ ಇಳಿಸಿ ಹತ್ತು ನಿಮಿಷ ಬಿಡಿ. ತಳದಲ್ಲಿ ಬೇರೆ ಪದರ ಕಂಡ್ರೆ, ನೀರಿನ ಗುಂಡುಗಳು ಉರುಳಿದ್ರೆ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಅರ್ಧ ಹಳೇದು ಅರ್ಧ ಹೊಸದು ಬೆರೆಸೋ ಜಿಪುಣತನ ಇಲ್ಲಿ ಬೇಡ. ಒಂದು ತಿಂಗಳಿಗಿಂತ ಹೆಚ್ಚು ನಿಲ್ಲಿಸ್ತೀರಾದ್ರೆ ಪೆಟ್ರೋಲ್ ಬೇಗ ಕೆಡದಂತೆ ತಡೆಯೋ ಸ್ಟೆಬಿಲೈಸರ್ ಹಾಕಿ ಐದು ನಿಮಿಷ ಓಡಿಸಿ ನಿಲ್ಲಿಸಿ, ಕಾರ್ಬೊರೇಟರ್ ಒಳಗೂ ಅದು ಹೋಗ್ಬೇಕು.

ಮುಂದೆ ಟ್ಯಾಂಕ್ ಮುಚ್ಚಳ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಗೊಳಕ್ ಗೊಳಕ್ ಅಂದು ನಿಂತು ಹೋಗುತ್ತೆ, ಎರಡನೇ ತೂತು ಮಾಡಿದ್ರೆ ಧಾರೆಯಾಗಿ ಬರುತ್ತೆ ಅಂತ ಅಡುಗೆಮನೆ ನೋಡಿದವರಿಗೆಲ್ಲ ಗೊತ್ತು. ಟ್ಯಾಂಕಿಗೆ ಆ ಎರಡನೇ ತೂತು ಮುಚ್ಚಳದಲ್ಲಿರುತ್ತೆ. ಅದು ಕಟ್ಟಿಕೊಂಡ್ರೆ ಪೆಟ್ರೋಲ್ ಇಳಿದಂತೆಲ್ಲ ಒಳಗೆ ಗಾಳಿ ತೆಳುವಾಗಿ, ಪಂಪ್ ಎಳೆದ್ರೂ ಬರಲ್ಲ, ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತೆ. ಕಾಲು ಗಂಟೆಯಲ್ಲಿ ಹೇಗೋ ಗಾಳಿ ನುಸುಳಿ ಸರಿಯಾಗುತ್ತೆ, ನಾವು ಅದನ್ನ ಬಿಸಿಯ ತಪ್ಪು ಅಂದ್ಕೊಳ್ತೀವಿ. ನಿಂತ ಕೂಡ್ಲೇ ಮುಚ್ಚಳ ತಿರುಗಿಸಿ, ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ತಕ್ಷಣ ಸ್ಟಾರ್ಟ್ ಆದ್ರೆ ಕೆಲಸ ಮುಗೀತು, ಹೊಸ ಮುಚ್ಚಳ ತನ್ನಿ. ನನ್ನದರಲ್ಲಿ ಸುಯ್ ಬರಲಿಲ್ಲ.

ಆಮೇಲೆ ಹರಿವು. ಎಂಜಿನ್ ತಣ್ಣಗಿದ್ದಾಗ ಕಾರ್ಬೊರೇಟರ್‌ಗೆ ಬರೋ ಪೈಪ್ ಬಿಚ್ಚಿ ಬಾಟ್ಲಿಗೆ ಬಿಡಿ, ಪ್ಲಗ್ ವಯರ್ ತೆಗೆದು ಗಾಡಿಯ ಲೋಹಕ್ಕೆ ಅರ್ಥ್ ಮಾಡಿ ಇನ್ನೊಬ್ಬರ ಕೈಲಿ ಕೀ ತಿರುಗಿಸಿಸಿ. ಟ್ಯಾಂಕ್ ಕೆಳಗಿದ್ದು ಪಂಪ್ ಇರೋ ಗಾಡಿಯಾದ್ರೆ ಚಿಮ್ಮಿ ಚಿಮ್ಮಿ ಗಟ್ಟಿಯಾಗಿ ಬರಬೇಕು. ಈ ಪಂಪ್ ಕರೆಂಟಿಂದ ಓಡೋದಲ್ಲ, ಪಿಸ್ಟನ್ ಮೇಲೆ ಕೆಳಗೆ ಹೋದಾಗ ಎಂಜಿನ್ ಹೊಟ್ಟೆಯೊಳಗೆ ಆಗೋ ಗಾಳಿಯ ಬಡಿತದಿಂದ ಡಯಾಫ್ರಮ್ ಅಲುಗಾಡಿ ಓಡೋದು. ಆ ಗಾಳಿಯ ಸಣ್ಣ ಪೈಪಲ್ಲಿ ಕೂದಲೆಳೆ ಬಿರುಕಿದ್ರೂ ಪಂಪ್ ಸೊರಗುತ್ತೆ. ಫಿಲ್ಟರ್‌ಗೆ ಬಾಣದ ಗುರುತಿದ್ರೆ ಅದು ಕಾರ್ಬೊರೇಟರ್ ಕಡೆ ನೋಡ್ಬೇಕು. ಹಳೇ ರಬ್ಬರ್ ಪೈಪ್ ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿರುತ್ತೆ, ಅನುಮಾನ ಇದ್ರೆ ಬದಲಾಯಿಸಿಬಿಡಿ.

ಏರೋದು ಇಳಿಯೋದು

ಥ್ರಾಟಲ್ ಮುಟ್ಟದೆ ಇದ್ರೂ ಎಂಜಿನ್ ತಾನೇ ವೂಂ... ವೂಂ... ಅಂತ ಏರಿಳಿಯೋದಕ್ಕೆ ಬಹುತೇಕ ಕಾರಣ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಪೆಟ್ರೋಲ್ ಸಾಲದೆ ಸ್ಪೀಡ್ ಬೀಳುತ್ತೆ, ಸ್ಪೀಡ್ ಹಿಡಿತದಲ್ಲಿಡೋ ಗವರ್ನರ್ ಅನ್ನೋನು ಗಾಬರಿಯಾಗಿ ಥ್ರಾಟಲ್ ತೆಗೀತಾನೆ, ದೊಡ್ಡ ಜೆಟ್ಟಿಂದ (ಪೆಟ್ರೋಲ್ ಹಾಯೋ ತೂತು) ಪೆಟ್ರೋಲ್ ಬಂದು ಸ್ಪೀಡ್ ಜಾಸ್ತಿ ಆಗುತ್ತೆ, ಅಯ್ಯೋ ಜಾಸ್ತಿ ಆಯ್ತು ಅಂತ ಮುಚ್ತಾನೆ, ಮತ್ತೆ ಬೀಳುತ್ತೆ. ಗವರ್ನರ್ ತನ್ನ ಕೆಲಸ ಸರಿಯಾಗೇ ಮಾಡ್ತಿದಾನೆ. ಆದ್ರೆ ಕಣ್ಣಿಗೆ ಕಾಣೋದು ಅವನ ಕಡ್ಡಿ ಸ್ಪ್ರಿಂಗ್ ಅಲ್ಲಾಡೋದು, ಅದಕ್ಕೇ ಎಲ್ಲರೂ ಮೊದಲು ಆ ಸ್ಪ್ರಿಂಗನ್ನೇ ಬಗ್ಗಿಸೋದು. ದಯವಿಟ್ಟು ಬೇಡ. ಅದನ್ನ ಬಗ್ಗಿಸಿದ್ರೆ ಎಂಜಿನ್ ಮಿತಿ ಮೀರಿ ಓಡುತ್ತೆ. ಈ ಎಂಜಿನ್‌ಗಳ ಫುಲ್ ಸ್ಪೀಡು ಸಾಮಾನ್ಯವಾಗಿ ನಿಮಿಷಕ್ಕೆ 3600 ಸುತ್ತಿನ ಒಳಗೆ ಕಟ್ಟಿರೋದು ಸುಮ್ಮನೆ ಅಲ್ಲ, ಬ್ಲೇಡ್ ತುದಿಯ ವೇಗಕ್ಕೂ ಮಿತಿ ಇದೆ, ಅದು ದಾಟಿದ್ರೆ ಒಂದು ಸಣ್ಣ ಕಲ್ಲು ಸಿಕ್ಕಿದ್ರೂ ಗುಂಡು ಹಾರಿದಂಗೆ ಹಾರುತ್ತೆ.

ಚೋಕನ್ನ ಸ್ವಲ್ಪ ಎಳೆದು ನೋಡಿ. ಏರಿಳಿತ ನಿಂತು ಸಮ ಓಡಿದ್ರೆ ಪೆಟ್ರೋಲ್ ಕಮ್ಮಿ ಅನ್ನೋದು ಖಾತ್ರಿ. ಕಾರಣ ಎರಡರಲ್ಲೊಂದು. ಒಂದು, ಸಣ್ಣ ಜೆಟ್ ಕಟ್ಟಿಕೊಂಡಿರೋದು. ಐಡಲ್ ಜೆಟ್ ತೂತು ಎಷ್ಟು ಸಣ್ಣ ಅಂದ್ರೆ ಬರಿಗಣ್ಣಿಗೆ ಬೆಳಕಿಗೆ ಹಿಡಿದ್ರಷ್ಟೇ ಕಾಣೋದು, ಹಳೇ ಪೆಟ್ರೋಲಿನ ಅಂಟು ಅದನ್ನ ಮುಚ್ಚುತ್ತೆ. ಸೀಮೆಎಣ್ಣೆ ಪಂಪ್ ಸ್ಟವ್‌ಗೆ ಅಮ್ಮ ಪಿನ್ ಹಾಕ್ತಿದ್ದಿದ್ದು ನೆನಪಿದ್ರೆ ಅದೇ ಕೆಲಸ, ಆದ್ರೆ ಅಷ್ಟು ದಪ್ಪ ಪಿನ್ ಬೇಡ, ಹಿತ್ತಾಳೆ ತೂತು ದೊಡ್ಡದಾಗಿಬಿಡುತ್ತೆ. ವಯರ್ ಸುಲಿದು ಒಂದೇ ಒಂದು ತಾಮ್ರದ ಎಳೆ ತಗೊಂಡು ಆಡಿಸಿ, ಕಾರ್ಬ್ ಕ್ಲೀನರ್ ಹೊಡೀರಿ, ಗಾಳಿ ಊದಿ. ಕನ್ನಡಕ ಹಾಕ್ಕೊಳ್ಳಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ನೇರ ಕಣ್ಣಿಗೇ ಬರುತ್ತೆ, ನನಗೆ ಬಂದಿದೆ. ಎರಡನೇದು, ಕಾರ್ಬೊರೇಟರ್ ಮತ್ತು ಎಂಜಿನ್ ನಡುವೆ ಗಾಳಿ ನುಸುಳದ ಹಾಗೆ ಇಡೋ ತೆಳು ಹಾಳೆ, ಗ್ಯಾಸ್ಕೆಟ್, ಸೀಳಿ ಅಲ್ಲಿಂದ ಕಳ್ಳ ಗಾಳಿ ಸೇರೋದು. ಬೋಲ್ಟ್ ಬಿಗಿ ಇದೆಯಾ ನೋಡಿ, ಗ್ಯಾಸ್ಕೆಟ್ ಹೊಸದು ಹಾಕಿ. ಓಡ್ತಿರೋ ಎಂಜಿನ್ ಮೇಲೆ ಉರಿಯೋ ಸ್ಪ್ರೇ ಹೊಡೆದು ಲೀಕ್ ಹುಡುಕೋ ವಿದ್ಯೆ ಇದೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ ನಾನಂತೂ ಮಾಡಲ್ಲ.

ನನ್ನ ಏರಿಳಿತ ಬಂದಿದ್ದು ಆ 38 ಡಾಲರಿನ ಡೂಪ್ಲಿಕೇಟಿಂದ. ಹಳೇ ಕಾರ್ಬೊರೇಟರ್ ಎಸೆದಿರಲಿಲ್ಲ, ಪುಣ್ಯ. ಅದನ್ನೇ ತೊಳೆದು ವಾಪಸ್ ಹಾಕಿದೆ, ಏರಿಳಿತ ಹೋಯ್ತು. ಅಂದ್ರೆ ಒಂದು ಕಾಯಿಲೆ ನಾನೇ ದುಡ್ಡು ಕೊಟ್ಟು ತಂದಿದ್ದು. 25 ನಿಮಿಷಕ್ಕೆ ನಿಲ್ಲೋದು ಮಾತ್ರ ಹಾಗೇ ಇತ್ತು.

ಕಿಡಿ ಕಡೆ

ಎಷ್ಟೋ ಜನ ತಪ್ಪು ತಿಳ್ಕೊಂಡಿರೋ ವಿಷಯ ಒಂದಿದೆ: ಈ ಎಂಜಿನ್‌ಗಳ ಕಿಡಿಗೆ ಬ್ಯಾಟರಿ ಬೇಡ. ಎಂಜಿನ್ ಜೊತೆ ತಿರುಗೋ ಭಾರದ ಚಕ್ರ, ಅಂದ್ರೆ ಫ್ಲೈವೀಲಲ್ಲಿರೋ ಅಯಸ್ಕಾಂತ ಕಾಯಿಲ್ ಮುಂದೆ ಹಾದು ಹೋದಾಗ ಕಿಡಿ ತಾನೇ ಹುಟ್ಟುತ್ತೆ. ಕೀ ಆಫ್ ಮಾಡಿದಾಗ ಒಂದು ವಯರು ಆ ಕಾಯಿಲನ್ನ ಗಾಡಿಯ ಲೋಹಕ್ಕೆ ಅರ್ಥ್ ಮಾಡಿ ಕಿಡಿ ಸಾಯಿಸುತ್ತೆ, ಅದೇ ಕಿಲ್ ವಯರು. ಸೀಟಿಂದ ಎದ್ರೆ ಎಂಜಿನ್ ನಿಲ್ಲೋದೂ ಇದೇ ವಯರ್ ಮೂಲಕ. ಹಾಗಾಗಿ ಈ ವಯರ್ ಎಲ್ಲಾದ್ರೂ ಸಿಪ್ಪೆ ಕಿತ್ತು ಚಾಸಿಗೆ ತಾಗಿದ್ರೆ ಎಂಜಿನ್‌ಗೆ ಯಾರೋ ಕೀ ಆಫ್ ಮಾಡಿದ ಹಾಗೇ.

ಸ್ಪಾರ್ಕ್ ಟೆಸ್ಟರ್ ಅಂತ ಸಿಗುತ್ತೆ, ಹತ್ತು ಡಾಲರೊಳಗೆ, ಪ್ಲಗ್ ಮತ್ತು ಅದರ ಕ್ಯಾಪ್ ನಡುವೆ ಸಿಕ್ಕಿಸೋದು, ಕಿಡಿ ಬಂದ್ರೆ ಒಳಗಿನ ಬಲ್ಬ್ ಮಿನುಗುತ್ತೆ. ಇದನ್ನ ತಣ್ಣಗಿದ್ದಾಗ ನೋಡಿ ಏನೂ ಪ್ರಯೋಜನ ಇಲ್ಲ. ಟೆಸ್ಟರ್ ಸಿಕ್ಕಿಸ್ಕೊಂಡೇ, ವಯರು ಬಿಸಿ ಭಾಗಕ್ಕೆ ತಾಗದ ಹಾಗೆ ಕಟ್ಟಿ, ಹುಲ್ಲು ಹೊಡೀಲಿಕ್ಕೆ ಹೋಗಿ. ನಿಂತ ಕೂಡ್ಲೇ ಬ್ಲೇಡ್ ಆಫ್ ಮಾಡಿ, ಸೀಟಲ್ಲೇ ಕೂತು ಕೀ ತಿರುಗಿಸಿ ಬಲ್ಬ್ ನೋಡಿ. ಬಿಸಿಯಲ್ಲಿ ಕಿಡಿ ಇಲ್ಲ, ಆರಿದ ಮೇಲೆ ಇದೆ ಅಂದ್ರೆ ಮುಂದಿನ ಹೆಜ್ಜೆ ಕಿಲ್ ವಯರನ್ನ ಕಾಯಿಲ್ ಹತ್ರ ಬಿಚ್ಚಿ ನೋಡೋದು. ಬಿಚ್ಚಿದ ಮೇಲೂ ಬಿಸಿಯಲ್ಲಿ ಕಿಡಿ ಸತ್ರೆ ಕಾಯಿಲ್ ಹೋಗಿದೆ. ಬಿಚ್ಚಿದ ಮೇಲೆ ನಿಲ್ಲದೇ ಓಡಿದ್ರೆ ಕಾಯಿಲ್ ಒಳ್ಳೇದೇ, ವಯರಲ್ಲೋ ಸ್ವಿಚ್ಚಲ್ಲೋ ತಪ್ಪು. ನೆನಪಿಡಿ, ಕಿಲ್ ವಯರ್ ಬಿಚ್ಚಿದಾಗ ಕೀ ಆಫ್ ಮಾಡಿದ್ರೂ ಎಂಜಿನ್ ನಿಲ್ಲದೇ ಇರಬಹುದು, ಸೀಟಿಂದ ಎದ್ರೂ ನಿಲ್ಲಲ್ಲ, ಹಾಗಾಗಿ ಈ ಪರೀಕ್ಷೆ ನಿಂತ ಜಾಗದಲ್ಲಿ, ಬ್ಲೇಡ್ ಓಡಿಸದೆ, ಚೋಕ್ ಪೂರ್ತಿ ಎಳೆದು ನಿಲ್ಲಿಸೋದು ಹೇಗೆ ಅಂತ ಮೊದಲೇ ನೋಡ್ಕೊಂಡು ಮಾತ್ರ.

ಕಾಯಿಲ್ ಬದಲಾಯಿಸಿದ್ರೆ ಫ್ಲೈವೀಲ್‌ಗೂ ಅದಕ್ಕೂ ನಡುವೆ ಸಣ್ಣ ಸಂದು ಬಿಡ್ಬೇಕು, ಎಷ್ಟೋ ಎಂಜಿನ್‌ಗೆ 0.010 ಇಂಚು ಆಸುಪಾಸು. ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು, ಅಯಸ್ಕಾಂತ ಎಳೆದು ಹಿಡ್ಕೊಂಡಾಗ ಬೋಲ್ಟ್ ಬಿಗಿ ಮಾಡಿ ಕಾರ್ಡ್ ಎಳೀರಿ. ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.030 ಇಂಚು. ನಿಮ್ಮ ಎಂಜಿನ್ ಮೇಲಿನ ಮಾಡೆಲ್ ನಂಬರ್ ಹಾಕಿ ಮ್ಯಾನುವಲ್ ತೆಗೆದು ಒಂದ್ಸಲ ನೋಡ್ಕೊಳ್ಳಿ.

ಸೀಟ್ ಸ್ವಿಚ್ ಬಗ್ಗೆ ಎರಡು ಮಾತು. ತಾನು ಕೂತಾಗ ನಿಲ್ಲದ ಗಾಡಿ ತನ್ನ ಹೆಂಡತಿ ಕೂತಾಗ ಇಳಿಜಾರಲ್ಲಿ ನಿಲ್ಲುತ್ತೆ ಅಂತ ಒಬ್ಬ ಗೆಳೆಯ ಹೇಳಿದ. ಅವನದ್ದು ಸೀಟ್ ಕೆಳಗಿನ ಸ್ಪ್ರಿಂಗ್ ತೂಕಕ್ಕೆ ಸರಿಯಾಗಿ ಅದುಮದೇ ಇದ್ದಿದ್ದು. ಇಂಥ ಸ್ವಿಚ್ಚನ್ನ ಪರೀಕ್ಷೆಗೆ ಒಂದು ನಿಮಿಷ ಬೈಪಾಸ್ ಮಾಡೋದು ಬೇರೆ, ಹಾಗೇ ಬಿಟ್ಟು ವರ್ಷಗಟ್ಲೆ ಓಡಿಸೋದು ಬೇರೆ. ಮಕ್ಕಳಿರೋ ಮನೆಯಲ್ಲಿ ಅದನ್ನ ಮಾಡಿದವರ ಮೋವರ್ ನಾನು ಕೈಯಿಂದಲೂ ಮುಟ್ಟಲ್ಲ.

ನನ್ನ ಗಾಡಿ ನಿಂತಾಗ ಟೆಸ್ಟರ್ ಬಲ್ಬ್ ಚೆನ್ನಾಗೇ ಮಿನುಗ್ತಿತ್ತು. ಅಂದ್ರೆ ಕಾಯಿಲ್‌ಗೆ ಹಾಕೋಕೆ ಹೊರಟಿದ್ದ ದುಡ್ಡು ಉಳೀತು. ಪ್ಲಗ್ ಬಿಚ್ಚಿ ನೋಡಿದೆ, ಒಣಗಿತ್ತು. ಕಿಡಿ ಇದೆ, ಪೆಟ್ರೋಲ್ ಇಲ್ಲ. ಆದ್ರೆ ಪೈಪಲ್ಲಿ ಪೆಟ್ರೋಲ್ ಧಾರಾಳ ಬರ್ತಿದೆ. ಹಾಗಾದ್ರೆ ಕಾರ್ಬೊರೇಟರ್ ತನಕ ಬಂದದ್ದು ಒಳಗೆ ಹೋಗೋಕೆ ಯಾರೋ ತಡೀತಿದಾರೆ.

ತಡೆಯೋನು: ಸೊಲೆನಾಯ್ಡ್

ಕಾರ್ಬೊರೇಟರ್ ಬೌಲ್ ಕೆಳಗೆ ಬೋಲ್ಟ್ ಥರ ಒಂದು ಉರುಟು ಡಬ್ಬಿ, ಅದಕ್ಕೊಂದೋ ಎರಡೋ ವಯರ್ ಇದ್ರೆ ಅದೇ ಫ್ಯುಯಲ್ ಸೊಲೆನಾಯ್ಡ್. ಕೀ ಆನ್ ಮಾಡಿದಾಗ 12 ವೋಲ್ಟ್ ಹೋಗಿ ಒಳಗಿನ ಕಡ್ಡಿ ಹಿಂದಕ್ಕೆ ಸರಿದು ಮೇನ್ ಜೆಟ್ ತೆರೆಯುತ್ತೆ, ಆಫ್ ಮಾಡಿದಾಗ ಕಡ್ಡಿ ಮುಂದೆ ಬಂದು ಮುಚ್ಚುತ್ತೆ. ಆಫ್ ಮಾಡಿದ ಮೇಲೆ ಎಂಜಿನ್ ಇನ್ನೂ ತಿರುಗ್ತಾ ಇರುವಾಗ ಉರಿಯದ ಪೆಟ್ರೋಲ್ ಬಿಸಿ ಸೈಲೆನ್ಸರ್‌ಗೆ ಹೋಗಿ ಢಂ ಅನ್ನದೇ ಇರ್ಲಿ ಅಂತ ಇದನ್ನ ಇಟ್ಟಿರೋದು. ಕಿಡಿಗೆ ಬ್ಯಾಟರಿ ಬೇಡ ಅಂದ್ನಲ್ಲ, ಇದಕ್ಕೆ ಬೇಕು. ಓಡ್ತಿರುವಾಗ ಇದರ ಕರೆಂಟ್ ಹೋದ್ರೆ ಎಂಜಿನ್ ಥಟ್ಟನೆ ಸಾಯಲ್ಲ, ಒಳಗಿದ್ದ ಪೆಟ್ರೋಲ್ ಮುಗಿಯೋ ತನಕ ಒಂದೆರಡು ಸೆಕೆಂಡ್ ಕುಸಿದು ಆಮೇಲೆ ನಿಲ್ಲುತ್ತೆ. ನನ್ನ ಚೀಟಿಯಲ್ಲಿ ಬರೆದಿದ್ದ ಆ ನಡುವಿನ ಲಕ್ಷಣ ಇದೇ.

ಪರೀಕ್ಷೆ: ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿ, ಸೊಲೆನಾಯ್ಡ್ ಮೇಲೆ ಬೆರಳಿಡಿ, ಕನೆಕ್ಟರ್ ಬಿಚ್ಚಿ ಹಾಕಿ ಮಾಡಿ. ಟಕ್, ಟಕ್ ಅಂತ ಕೈಗೆ ತಾಗ್ಬೇಕು. ತಣ್ಣಗಿದ್ದಾಗ ನನ್ನದು ಟಕ್ ಅಂತಿತ್ತು. ಜೊತೆಗೆ ಡೂಪ್ಲಿಕೇಟ್ ಕಾರ್ಬೊರೇಟರ್ ಜೊತೆ ಹೊಸ ಸೊಲೆನಾಯ್ಡೂ ಬಂದಿತ್ತು, ಅದು ಹಾಕಿದಾಗ್ಲೂ ಗಾಡಿ ನಿಂತಿತ್ತು, ಹಾಗಾಗಿ ಸೊಲೆನಾಯ್ಡ್ ತಪ್ಪಲ್ಲ ಅಂತ ನಾನು ಮೊದಲೇ ತೀರ್ಮಾನ ಮಾಡ್ಬಿಟ್ಟಿದ್ದೆ. ಡಬ್ಬಿ ತಪ್ಪಲ್ಲ ಸರಿ, ಅದಕ್ಕೆ ಬರೋ ವಯರು ಹಳೇದೇ ಅಲ್ವಾ ಅಂತ ಹೊಳೀಲೇ ಇಲ್ಲ.

ಮುಂದಿನ ಶನಿವಾರ ಮಲ್ಟಿಮೀಟರ್ ಸೀಟ್ ಹಿಂದೆ ಕಟ್ಕೊಂಡು ಹೊರಟೆ. 26 ನಿಮಿಷಕ್ಕೆ ನಿಂತಿತು. ಕೀ ಆನ್ ಇಟ್ಟು ಸೊಲೆನಾಯ್ಡ್ ಕನೆಕ್ಟರ್ ಬಿಚ್ಚಿ ಅಳೆದೆ, 12.3 ವೋಲ್ಟ್. ಬ್ಯಾಟರಿ 12.4. ಎಲ್ಲಾ ಸರಿ! ತಲೆ ಮೇಲೆ ಕೈ ಹೊತ್ಕೊಂಡು ಹುಲ್ಲಲ್ಲೇ ಕೂತೆ. ಬೇಲಿಯಾಚೆಯಿಂದ ಅಜ್ಜ ಅಂದಿದ್ದು, ಬಿಚ್ಚಿ ಅಳೆಯೋದಲ್ಲ, ಸಿಕ್ಕಿಸಿರುವಾಗ ಹಿಂದಿನಿಂದ ಪಿನ್ ತೂರಿಸಿ ಅಳೆ. ಹಾಗೆ ಮಾಡಿದ್ರೆ 6.1.

ಇದು ಅರ್ಥವಾಗೋಕೆ ಊರಿನ ಕರೆಂಟ್ ನೆನಪಿಸ್ಕೊಂಡ್ರೆ ಸಾಕು. ಸಂಜೆ ಮನೆಯಲ್ಲಿ ಬಲ್ಬ್ ಚೆನ್ನಾಗೇ ಉರೀತಿರುತ್ತೆ, ತೋಟದ ಪಂಪ್‌ಸೆಟ್ ಆನ್ ಮಾಡಿದ ತಕ್ಷಣ ಮಂಕಾಗಿ ಕೆಂಪಾಗುತ್ತೆ. ಯಾರೂ ಎಳೆಯದೇ ಇದ್ದಾಗ ಲೈನಲ್ಲಿ ವೋಲ್ಟೇಜ್ ಪೂರ್ತಿ ಕಾಣುತ್ತೆ, ಎಳೆದಾಗ ದಾರಿಯಲ್ಲಿರೋ ಕೆಟ್ಟ ಜಾಯಿಂಟು ಅರ್ಧ ನುಂಗುತ್ತೆ. ಕನೆಕ್ಟರ್ ಬಿಚ್ಚಿದಾಗ ಮೀಟರ್ ಹೆಚ್ಚುಕಮ್ಮಿ ಏನೂ ಎಳೆಯಲ್ಲ, ಅದಕ್ಕೇ 12.3 ಅಂತ ಸುಳ್ಳು ಸಮಾಧಾನ ಹೇಳುತ್ತೆ. ಹಾಗಾಗಿ ವಯರಿಂಗ್ ಅನುಮಾನ ಬಂದ್ರೆ ಯಾವಾಗಲೂ ಲೋಡ್ ಇದ್ದಾಗಲೇ ಅಳೀರಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಸೊಲೆನಾಯ್ಡ್ ಪಿನ್‌ಗೆ. ನಡುವಿನ ವಯರ್ ಒಳ್ಳೇದಿದ್ರೆ ಅರ್ಧ ವೋಲ್ಟ್ ಒಳಗೆ ತೋರಿಸ್ಬೇಕು, ನನ್ನದು 6 ಚಿಲ್ಲರೆ ತೋರಿಸ್ತು. ಅರ್ಥ್ ಕಡೆ ಹಾಗೇ ಅಳೆದೆ, ಅಲ್ಲಿ 0.1, ಸರಿ ಇದೆ.

ಆಮೇಲೆ ವಯರ್ ಹಿಡ್ಕೊಂಡು ಹೋಗೋದಷ್ಟೇ. ಎಂಜಿನ್ ಮೇಲಿನ ಫ್ಯಾನ್ ಮುಚ್ಚಳ, ಅಂದ್ರೆ ಬ್ಲೋವರ್ ಕವರ್ ಬಿಚ್ಚಿದ್ರೆ ಒಳಗೆ ಇಲಿ ಗೂಡು, ಒಣ ಹುಲ್ಲು, ಹತ್ತಿ, ಎಲ್ಲಾ ಸೇರಿಸಿ ಸೊಗಸಾಗಿ ಕಟ್ಟಿತ್ತು. ಸೈಲೆನ್ಸರ್ ಪಕ್ಕದಲ್ಲಿ ಹಾದು ಹೋಗೋ ಜಾಗದಲ್ಲಿ ವಯರಿನ ಸಿಪ್ಪೆ ಕಡಿದು, ಒಳಗಿನ ತಾಮ್ರ ಹಸಿರುಗಟ್ಟಿ, ಮುಟ್ಟಿದ್ರೆ ಪುಡಿಯಾಗೋ ಹಾಗಿತ್ತು. ತಣ್ಣಗಿದ್ದಾಗ ಹೇಗೋ ಸೊಲೆನಾಯ್ಡ್ ಎಳೆಯುವಷ್ಟು ಕರೆಂಟ್ ಬಿಡ್ತಿತ್ತು, 25 ನಿಮಿಷ ಬೆಂದ ಮೇಲೆ ಆಗ್ತಿರಲಿಲ್ಲ. ಕೆಟ್ಟ ಭಾಗ ಒಂದು ಗೇಣಿನಷ್ಟು ಕತ್ತರಿಸಿ ಹೊಸ ವಯರ್ ಸೇರಿಸಿ, ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ಸೈಲೆನ್ಸರಿಂದ ದೂರಕ್ಕೆ ಟೈ ಮಾಡಿದೆ. ಖರ್ಚು ಎರಡು ಡಾಲರ್ ಇರಬಹುದು. ಕೂಲಿಂಗ್ ಫಿನ್‌ಗಳ ನಡುವಿದ್ದ ಹುಲ್ಲೆಲ್ಲ ಕೆರೆದು ತೆಗೆದೆ, ಗಾಳಿಯಿಂದ ತಣ್ಣಗಾಗೋ ಎಂಜಿನ್ ಇದು, ಅಲ್ಲಿ ಕಟ್ಟಿದ್ರೆ ಕಾದು ಶಕ್ತಿ ಕಳ್ಕೊಳ್ಳೋದು ಗ್ಯಾರಂಟಿ, ಹೆಡ್ ಗ್ಯಾಸ್ಕೆಟ್ಟೂ ಹೋಗ್ಬಹುದು.

ಇದೇ ಲಕ್ಷಣ ಇದ್ದು ವಯರ್ ಸರಿ ಇದ್ರೆ ಚಾರ್ಜಿಂಗ್ ನೋಡಿ. ಫುಲ್ ಥ್ರಾಟಲಲ್ಲಿ ಬ್ಯಾಟರಿ ಮೇಲೆ 13.5ರಿಂದ 14.5 ವೋಲ್ಟ್ ಇರಬೇಕು. ಚಾರ್ಜ್ ಆಗದೆ, ಬ್ಲೇಡಿಗೆ ಎಲೆಕ್ಟ್ರಿಕ್ ಕ್ಲಚ್ ಬೇರೆ ಇದ್ರೆ ಅದು ಬ್ಯಾಟರಿಯನ್ನ ಹೀರ್ತಾ ಹೋಗಿ, ಕೊನೆಗೆ ಸೊಲೆನಾಯ್ಡ್ ಕೈ ಬಿಡುತ್ತೆ.

ಇನ್ನೂ ಉಳಿದದ್ದು

ಕೀ ತಿರುಗಿಸಿದಾಗ ಎಂಜಿನ್ ಅರ್ಧ ಸುತ್ತು ತಿರುಗಿ ಗಕ್ ಅಂತ ನಿಂತು, ಮತ್ತೆ ತಿರುಗೋದಾದ್ರೆ ಅದನ್ನ ಬ್ಯಾಟರಿ ತಪ್ಪು ಅಂತ ಹೊಸ ಬ್ಯಾಟರಿ ತರಬೇಡಿ. ವಾಲ್ವ್ ಸಂದು ಜಾಸ್ತಿ ಆಗಿದ್ರೆ, ಸ್ಟಾರ್ಟ್ ಮಾಡೋವಾಗ ಒತ್ತಡ ಸ್ವಲ್ಪ ಬಿಡೋ ವ್ಯವಸ್ಥೆ ಕೆಲಸ ಮಾಡಲ್ಲ, ಮೋಟರ್ ಹೆಣಗುತ್ತೆ. ಬ್ರಿಗ್ಸ್ ಕಂಪನಿಯ ಅನೇಕ ಸಿಂಗಲ್ ಸಿಲಿಂಡರ್ ಓಎಚ್‌ವಿಗಳಿಗೆ ಇನ್‌ಟೇಕ್ 0.003ರಿಂದ 0.005, ಎಕ್ಸಾಸ್ಟ್ 0.005ರಿಂದ 0.007 ಇಂಚು. ಎಂಜಿನ್ ತಣ್ಣಗಿರಬೇಕು, ಪಿಸ್ಟನ್ ಮೇಲ್ತುದಿ ದಾಟಿ ಕಾಲಿಂಚು ಕೆಳಗಿಳಿದಿರಬೇಕು, ಸಂದು ಅಳೆಯೋ ಫೀಲರ್ ಗೇಜ್ ಬೇಕು. ಒಂದು ಗಂಟೆ ಕೆಲಸ, ಹೆದರೋ ಅಂಥದ್ದೇನಿಲ್ಲ.

ಆಯಿಲ್ ಕುಡೀತಾ, ಬಿಳಿ-ನೀಲಿ ಹೊಗೆ ಬಿಡ್ತಾ, ಏರ್ ಫಿಲ್ಟರಲ್ಲಿ ಆಯಿಲ್ ಬರ್ತಿದ್ರೆ ಬಹುಪಾಲು ಒಂದೋ ಆಯಿಲ್ ಜಾಸ್ತಿ ಹಾಕಿದೀರಿ, ಇಲ್ಲಾ ಹೆಡ್ ಗ್ಯಾಸ್ಕೆಟ್ ಪುಶ್‌ರಾಡ್ (ವಾಲ್ವ್ ಎತ್ತೋ ಕಡ್ಡಿ) ಕಡೆಗೆ ಸೀಳಿದೆ. ಕಲ್ಲಿಗೋ ಬೇರಿಗೋ ಬ್ಲೇಡ್ ಬಡಿದ ಮೇಲೆ ಹಠಾತ್ತಾಗಿ ಓಟ ಕೆಟ್ಟು, ಸ್ಟಾರ್ಟ್ ಮಾಡೋವಾಗ ಹಿಂದಕ್ಕೆ ಒದೀತಿದ್ರೆ ಫ್ಲೈವೀಲನ್ನ ಜಾಗದಲ್ಲಿ ಹಿಡಿದಿಡೋ ಸಣ್ಣ ಲೋಹದ ತುಂಡು (ಫ್ಲೈವೀಲ್ ಕೀ) ಕತ್ತರಿಸಿರಬಹುದು, ಕಿಡಿಯ ಸಮಯ ತಪ್ಪುತ್ತೆ. ಬೆಲ್ಟ್ ಮೂಲಕ ಬ್ಲೇಡ್ ಓಡೋ ರೈಡಿಂಗ್ ಮೋವರಲ್ಲಿ ಇದು ಕಮ್ಮಿ, ತಳ್ಳೋ ಮೋವರಲ್ಲಿ ಜಾಸ್ತಿ.

ವಯರ್ ಹಾಕಿದ ಮೇಲೆ ಆರು ವಾರ ಆಯ್ತು, ಒಂದ್ಸಲಾನೂ ನಿಂತಿಲ್ಲ. ಮೊದಲ ಸಲ 25 ನಿಮಿಷ ದಾಟಿದಾಗ ಸುಮ್ಮನೆ ಇನ್ನೊಂದು ಸುತ್ತು ಹೊಡೆದೆ, ಕೊಯ್ದ ಜಾಗವನ್ನೇ. ಡೂಪ್ಲಿಕೇಟ್ ಕಾರ್ಬೊರೇಟರ್ ಶೆಡ್ಡಲ್ಲಿ ಒಂದು ಡಬ್ಬಿಯಲ್ಲಿದೆ, ಅದರ ಪಕ್ಕದಲ್ಲೇ ಇಲಿ ಬೋನು ಇಟ್ಟಿದೀನಿ, ಕಡಲೆಬೀಜದ ಚಿಕ್ಕಿ ಹಾಕಿ.